ರಿಪೇರಿಯವನ ಮನೆಯ ಸದ್ದು

"ಗುರುಗಳೇ, ಕಣ್ಣು ಮುಚ್ಚಿ ಕೂತರೆ ಮನಸ್ಸಿನಲ್ಲಿ ಒಂದು ಸದ್ದು ಏಳುತ್ತದೆ. ಅದನ್ನು ನಿಲ್ಲಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ಏನು ಸದ್ದು?" ಎಂದರು ಗುರುಗಳು.

"ಊರಿನಲ್ಲಿ ಅಕ್ಕ ಇದ್ದಾಳೆ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ಒಂದು ಸಲ ಬಂದು ಹೋಗು ಎಂದು ಹೇಳಿ ಕಳಿಸುತ್ತಲೇ ಇದ್ದಾಳೆ. ಯಾಕೆಂದು ಹೇಳುವುದಿಲ್ಲ, ಸುಮ್ಮನೆ ಬಾ ಎನ್ನುತ್ತಾಳೆ. ಅದೇ ಮಾತು ತಲೆಯಲ್ಲಿ ಸುತ್ತುತ್ತದೆ. ಮೊದಲು ಮನಸ್ಸು ಶಾಂತವಾಗಲಿ, ಆಮೇಲೆ ಹೋದರಾಯಿತು ಅಂದುಕೊಂಡಿದ್ದೇನೆ."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರಿಪೇರಿಯವನಿದ್ದ. ಮೋಟಾರು, ಪಂಪು, ಮಿಕ್ಸಿ, ತಿರುಗುವಂಥದ್ದು ಏನು ಕೆಟ್ಟರೂ ಜನ ಅವನ ಬಾಗಿಲಿಗೇ ಬರುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಬಿಚ್ಚುವ ಮೊದಲೇ ಇಂಥದ್ದು ಹೋಗಿದೆ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ. ಊರಿನವರೆಲ್ಲ ಅವನ ಕಿವಿಯನ್ನು ಹೊಗಳಿದರು. ಹೊಗಳಿಕೆ ಹೋಗಿ ಸೇರುವುದೂ ಕಿವಿಗೇ ತಾನೆ, ಅದು ನಂಬಿಬಿಟ್ಟಿತು.

ಅವನ ಹೆಂಡತಿ ಕಾಯಿಲೆ ಬಿದ್ದಳು. ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ದಿನಕ್ಕೆ ನಾಲ್ಕೈದು ಸಲ ಹಾಸಿಗೆಯ ಬಟ್ಟೆ ಬದಲಾಯಿಸಬೇಕಾಗುತ್ತಿತ್ತು. ಮನೆ ಇದ್ದದ್ದು ಓಣಿಯ ಒಳಗೆ, ಅಲ್ಲಿ ಬಿಸಿಲು ಬೀಳುತ್ತಿರಲಿಲ್ಲ. ಊರಿನ ಒಂದು ಲಾಡ್ಜು ಮುಚ್ಚಿದಾಗ ಅಲ್ಲಿದ್ದ ಬಟ್ಟೆ ಒಣಗಿಸುವ ಯಂತ್ರವನ್ನು ಅವನು ತಂದು ಹಿಂದಿನ ಕೋಣೆಯಲ್ಲಿ ಕೂರಿಸಿದ. ಒಗೆಯುವುದು, ಒಣಗಿಸುವುದು, ಹಾಸುವುದು ಎಲ್ಲವನ್ನೂ ತಾನೇ ಮಾಡಿದ. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಅವನು ಕೆಟ್ಟವನಲ್ಲ, ಇದನ್ನು ನೆನಪಿನಲ್ಲಿಡು.

ಒಂದು ಬೆಳಿಗ್ಗೆ ಆ ಯಂತ್ರ ಸದ್ದು ಮಾಡತೊಡಗಿತು. ಟಣಟಣ ಎಂದು, ಒಂದೇ ಸಮನೆ, ಇಡೀ ಮನೆಗೆ ಕೇಳುವ ಹಾಗೆ. ಊರ ಯಂತ್ರಗಳ ಸದ್ದನ್ನೆಲ್ಲ ನಿಲ್ಲಿಸಿದವನಿಗೆ ನಾಚಿಕೆಯಾಯಿತು. ಹೆಂಡತಿಗೆ ಉಳಿದಿರುವುದು ನಾಲ್ಕು ದಿನವೋ ಎಂಟು ದಿನವೋ, ಅಷ್ಟಾದರೂ ನೆಮ್ಮದಿಯಲ್ಲಿ ಕಳೆಯಲಿ ಎಂದು ಸಂಕಟವೂ ಆಯಿತು. ನಾಚಿಕೆ ಎಷ್ಟು, ಸಂಕಟ ಎಷ್ಟು ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ.

ಸ್ಕ್ರೂಡ್ರೈವರನ್ನು ಕಿವಿಗೆ ಆನಿಸಿದ. ಬೇರಿಂಗ್ ಹೋಗಿದೆ ಎಂದಿತು ಕಿವಿ. ಬೇರಿಂಗ್ ತಂದು ಹಾಕಿದ. ಸದ್ದು ನಿಲ್ಲಲಿಲ್ಲ. ಅವನು ಮತ್ತೆ ಬಿಚ್ಚುತ್ತಿರುವಾಗ ನಡುಮನೆಯಿಂದ ಹೆಂಡತಿ ಕರೆದಳು.

"ರೀ, ನನ್ನ ಕಾಲು ಒಂಚೂರು ನೋಡ್ತೀರಾ?"

"ನೋಯ್ತಾ ಇದೆಯಾ?"

"ನೋವೇನಿಲ್ಲ. ಸುಮ್ನೆ ನೋಡಿ."

"ಇದೊಂದು ಸದ್ದು ನಿಲ್ಲಲಿ, ಬಂದೆ."

ಅವಳು ಬಿಡಿಸಿ ಹೇಳಲಿಲ್ಲ. ಅಕ್ಕಿ ಮುಗಿದರೆ 'ಇಲ್ಲ' ಎನ್ನಬಾರದು, 'ತರಬೇಕು' ಎನ್ನಬೇಕು ಎಂದು ತವರಿನಲ್ಲಿ ಕಲಿತು ಬಂದವಳು. ಕೆಲವು ಮಾತು ಹೆಂಡತಿಯ ಬಾಯಲ್ಲಿ ಬಂದರೆ ಗಂಡನಿಗೆ ಒಳ್ಳೆಯದಲ್ಲ ಎಂದು ನಂಬಿದ್ದವಳು. ಅಂಥ ಒಂದು ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಅವಳು ಅದನ್ನು ನುಂಗಿಕೊಂಡು, ಅವನು ಬರಲಿ, ತಾನಾಗಿ ನೋಡಲಿ ಎಂದು ಕಾದಳು.

ಮರುದಿನ ಅವನು ಬೆಲ್ಟು ಬದಲಾಯಿಸಿದ. ಅದರ ಮರುದಿನ ಪಟ್ಟಣಕ್ಕೆ ಹೋಗಿ ರೋಲರುಗಳನ್ನು ತಂದ. ಸದ್ದು ಹಾಗೆಯೇ ಇತ್ತು. ಅವನಿಗೆ ಹಟ ಹಿಡಿಯಿತು. ಅವಳ ಬಟ್ಟೆ ಬದಲಾಯಿಸುವಾಗ ಕೈ ತನ್ನ ಕೆಲಸ ಮಾಡುತ್ತಿತ್ತು, ಗಮನವೆಲ್ಲ ಹಿಂದಿನ ಕೋಣೆಯಲ್ಲಿರುತ್ತಿತ್ತು. ಕಾಲಿನ ಮೇಲೆ ಶಾಲು ಎಳೆದು ಎದ್ದು ಹೋಗುತ್ತಿದ್ದ.

ಐದನೆಯ ದಿನ ಅವಳು ಮತ್ತೆ ಹೇಳಿದಳು. "ಸದ್ದು ಇದ್ರೆ ಇರ್ಲಿ ಬಿಡಿ. ನನಗೇನೂ ಆಗಿಲ್ಲ. ಇಲ್ಲಿ ಬಂದು ಕೂತ್ಕೊಳ್ಳಿ."

"ನಿನಗೋಸ್ಕರಾನೇ ಅಲ್ವೇನೇ ಇಷ್ಟೆಲ್ಲ ಒದ್ದಾಡ್ತಿರೋದು?" ಎಂದ ಅವನು.

ಅದು ನಿಜವೇ ಆಗಿತ್ತು. ಅದಕ್ಕೇ ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಆರನೆಯ ದಿನ ಬದಲಾಯಿಸಲು ಯಾವ ಭಾಗವೂ ಉಳಿದಿರಲಿಲ್ಲ. ಕೈಸೋತು ಕೂತವನು ಕೊನೆಗೆ, ಗಾಳಿ ಬೀಸುವ ಫ್ಯಾನಿನ ಗೂಡನ್ನು ಬಿಚ್ಚಿದ. ಊರಿನವರು ಇಂಥ ಯಂತ್ರ ತಂದಿದ್ದರೆ ಮೊಟ್ಟಮೊದಲು "ಜೇಬು ನೋಡಿ ಹಾಕಿದ್ರಾ?" ಎಂದು ಕೇಳುತ್ತಿದ್ದ. ಆದರೆ ಹಾಸಿಗೆಯ ಬಟ್ಟೆಗೆ ಜೇಬೆಲ್ಲಿದೆ? ಒಳಗೆ ಏನಾದರೂ ಬಿದ್ದಿರಬಹುದು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಗೂಡಿನಲ್ಲಿ ಒಂದು ಬೆಳ್ಳಿಯ ಕಾಲುಂಗುರ ಬಿದ್ದಿತ್ತು.

ಮದುವೆಯ ದಿನ ಅವಳ ಪಾದವನ್ನು ಕಲ್ಲಿನ ಮೇಲಿಡಿಸಿ ಅವನೇ ತೊಡಿಸಿದ ಉಂಗುರ ಅದು. ಅಂದು ಬಿಗಿಯಾಗಿ, ಅವಳು ಹಾ ಎಂದಿದ್ದಳು, ನೆರೆದವರು ನಕ್ಕಿದ್ದರು. ಇಷ್ಟು ವರ್ಷ ಕಳಚದ್ದು ಈಗ ತಾನಾಗಿ ಜಾರಿ, ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿ, ಯಂತ್ರ ಸೇರಿತ್ತು. ಬೆರಳು ಅಷ್ಟು ಸಣ್ಣಗಾಗಿತ್ತು. ಕಾಲುಂಗುರ ಹೋಯಿತು ಎಂದು ಬಾಯಿಬಿಟ್ಟು ಹೇಳಲಾರದೆ, ಮುತ್ತೈದೆ ಒಂದು ಕಾಲು ಬರಿದಾಗಿಯೇ ಹೋಗಬೇಕಾಯಿತಲ್ಲ ಎಂಬ ಭಯದಲ್ಲಿ ಅವಳು ಆರು ದಿನ ಮಲಗಿದ್ದಳು. ಇದೆಲ್ಲ ಅವನಿಗೆ ಒಂದೇ ಗಳಿಗೆಯಲ್ಲಿ ಅರ್ಥವಾಯಿತು.

ಆದರೂ ಕಸುಬಿನ ಅಭ್ಯಾಸ ನೋಡು. ಏಳುವ ಮೊದಲು ಗೂಡನ್ನು ಮುಚ್ಚಿದ, ತಿರುಪು ಬಿಗಿದ, ಯಂತ್ರವನ್ನು ಒಂದು ಸುತ್ತು ಓಡಿಸಿದ. ಸದ್ದು ನಿಂತಿತ್ತು. ನಿಂತಿದೆ ಎಂದು ಖಾತ್ರಿಯಾಗುವವರೆಗೆ ಕಿವಿಗೊಟ್ಟು ಕೇಳಿದ. ಒಂದು ಕ್ಷಣ ಅವನಿಗೆ ಸಂತೋಷವೂ ಆಯಿತು.

ಆಮೇಲೆ ಉಂಗುರ ಹಿಡಿದು ನಡುಮನೆಗೆ ಬಂದ. ಅವಳು ಹೋಗಿಬಿಟ್ಟಿದ್ದಳು. ಮೈ ಇನ್ನೂ ಬಿಸಿಯಾಗಿತ್ತು.

ಶಾಲು ಸರಿಸಿ ಅವಳ ಕಾಲು ನೋಡಿದ. ಉಂಗುರವನ್ನು ಬೆರಳಿಗೆ ಹಾಕಿದ. ಜಾರಿತು. ಅದುಮಿ ಬಿಗಿಮಾಡಿ ಮತ್ತೆ ಹಾಕಿದ. ಮತ್ತೆ ಜಾರಿತು. ಊರಿನಲ್ಲಿ ಏನನ್ನು ಬೇಕಾದರೂ ಸರಿಮಾಡುತ್ತಿದ್ದವನು ಒಂದು ಉಂಗುರ ನಿಲ್ಲಿಸಲಾರದೆ ದೊಡ್ಡ ದನಿಯಲ್ಲಿ ಅತ್ತ. ನೆರೆಮನೆಯ ಹೆಂಗಸು ಓಡಿಬಂದಳು. ಅವಳೇ ದಾರ ಸುತ್ತಿ ಅದನ್ನು ಕಟ್ಟಿದಳು.

ಯಂತ್ರ ಮಾತ್ರ ಪೂರ್ತಿ ಸರಿಯಾಗಿತ್ತು. ಒಣಗಿಸಲು ಬಟ್ಟೆಯಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. "ಎಂಥ ಮನುಷ್ಯ ಗುರುಗಳೇ! ಅವಳು ಕೇಳಿದಾಗಲೇ ಎದ್ದು ಹೋಗಿ ಒಂದು ಸಲ ನೋಡಿದ್ದರೆ ಸಾಕಿತ್ತಲ್ಲ," ಎಂದ ಶಿಷ್ಯ.

"ನಿನ್ನ ಅಕ್ಕನೂ ಸುಮ್ಮನೆ ಬಾ ಎಂದಳು, ಅಲ್ಲವೇ?" ಎಂದರು ಗುರುಗಳು.