ಕಿಂಡಿಯ ಹಿಂದಿನ ಬೆಳಕು

"ಯಜಮಾನರೇ, ನಾನು ಬಾಯಿ ಬಿಡದಿದ್ದರೂ ನನ್ನ ಮನಸ್ಸಿನಲ್ಲಿರುವುದು ಎದುರಿನವನಿಗೆ ಹೇಗೆ ತಿಳಿಯುತ್ತದೆ?"

ಹೀಗೆ ಕೇಳಿದವನು ಬಸಲಿಂಗ. ಹತ್ತಿ ಕೊಂಡು ಗಿರಣಿಗೆ ಮಾರುವ ವ್ಯಾಪಾರ ಅವನದು. ಆ ವ್ಯಾಪಾರವನ್ನು ಕಲಿಸಿದ ಹಿರಿಯ ವರ್ತಕರ ಎದುರು ಕುಳಿತಿದ್ದ.

"ಬಿಡಿಸಿ ಹೇಳು" ಎಂದರು ಯಜಮಾನರು.

"ಮಂಡಿಯಲ್ಲಿ ಒಬ್ಬ ದಲಾಲ ಇದ್ದಾನೆ. ನನಗೆ ಹತ್ತಿ ಬೇಕಾದ ದಿನವೇ ದರ ಏರಿಸುತ್ತಾನೆ. ಮೊದಲು ನಾನು ಬಹಳ ಮಾತಾಡುತ್ತಿದ್ದೆ. ಅದರಿಂದ ತಿಳಿಯಿತೇನೋ ಎಂದು ಮಾತು ಕಡಿಮೆ ಮಾಡಿದೆ. ಆಮೇಲೆ ಮಾಲು ಮುಟ್ಟಿ ನೋಡುವುದನ್ನೂ ಬಿಟ್ಟೆ. ಹೋದ ವಾರ ಮುಖವನ್ನು ಕಲ್ಲು ಮಾಡಿಕೊಂಡು ನಿಂತೆ. ಅವನು ನಗುತ್ತ ಎಲೆ ಅಡಿಕೆ ಕೊಟ್ಟ, ದರ ಏರಿಸಿದ. ಈ ಹಂಗಾಮೂ ಹೀಗೇ ಹೋದರೆ ನಾನು ಅಂಗಡಿಯ ಬಾಗಿಲು ಹಾಕಬೇಕಾಗುತ್ತದೆ."

ಯಜಮಾನರು ಒಂದು ಕತೆ ಹೇಳಿದರು.

ಎರಡು ಸೈನ್ಯಗಳು ಒಂದು ಬಯಲಿನ ಈಚೆಗೂ ಆಚೆಗೂ ಕಂದಕ ತೋಡಿಕೊಂಡು ಕುಳಿತಿದ್ದವು. ಕಂದಕದೊಳಗೆ ಇದ್ದವನಿಗೆ ಗುಂಡು ತಗಲುವುದಿಲ್ಲ. ಆದರೆ ಒಳಗೇ ಕುಳಿತರೆ ಆಚೆಯವರು ಬಯಲು ದಾಟಿ ಬಂದದ್ದೂ ತಿಳಿಯುವುದಿಲ್ಲ. ತಲೆ ಎತ್ತಿ ನೋಡಿದವನು ಮತ್ತೊಮ್ಮೆ ನೋಡಲು ಉಳಿಯುವುದಿಲ್ಲ. ನೋಡಲೂ ಬೇಕು, ಕಾಣಿಸಿಕೊಳ್ಳಲೂ ಬಾರದು. ಅಲ್ಲಿನ ಕಷ್ಟವೆಲ್ಲ ಇಷ್ಟೇ.

ಮೊದಲು ಸೈನಿಕರು ಕೋಲಿಗೆ ಕನ್ನಡಿ ಕಟ್ಟಿ ಮೇಲೆತ್ತಿದರು. ತಾವು ಕೆಳಗೆ ಕುಳಿತು ಅದರಲ್ಲಿ ಬಯಲನ್ನು ನೋಡಿದರು. ಉಪಾಯ ಒಳ್ಳೆಯದೇ. ಆದರೆ ಕನ್ನಡಿಯಲ್ಲಿ ಶತ್ರುವನ್ನು ನೋಡಬಹುದು, ಹೊಡೆಯಲು ಆಗದು. ಬಿಸಿಲಿಗೆ ಅದು ಮಿನುಗಿದರೆ ಆಚೆಯವರು ಅದನ್ನೇ ಒಡೆದುಹಾಕುತ್ತಿದ್ದರು.

ಆದ್ದರಿಂದ ಕಂದಕದ ಮುಂದೆ ಮಣ್ಣು ತುಂಬಿದ ಚೀಲಗಳನ್ನು ಗೋಡೆಯಂತೆ ಪೇರಿಸಿ, ನಡುವೆ ಒಂದು ಕಿಂಡಿ ಬಿಟ್ಟರು. ಬಂದೂಕಿನ ತುದಿಗೂ ಒಂದು ಕಣ್ಣಿಗೂ ಸಾಕಾಗುವಷ್ಟು ಕಿಂಡಿ. ಅಲ್ಲಿ ಪಾಳಿಯ ಮೇಲೆ ಒಬ್ಬೊಬ್ಬರು ನಿಲ್ಲಬೇಕು.

ಮೊದಲು ಕಣ್ಣಿಟ್ಟವನು ಸತ್ತ. ಕಿಂಡಿ ದೊಡ್ಡದಾಯಿತು ಎಂದು ಮಣ್ಣು ಮೆತ್ತಿ ಕಿರಿದು ಮಾಡಿದರು. ಎರಡನೆಯವನೂ ಸತ್ತ. ಇನ್ನಷ್ಟು ಮೆತ್ತಿದರು. ಮೂರನೆಯವನ ಕಿವಿ ಹಾರಿಹೋಯಿತು.

ಮಾರನೆಯ ದಿನದ ಪಾಳಿ ಇನ್ನೊಬ್ಬ ಸೈನಿಕನದು. ಅವನು ಕಿವಿ ಹೋದವನ ಪಕ್ಕದಲ್ಲಿ ಬಂದು ಕುಳಿತ.

"ಆಚೆಯಿಂದ ಹೊಡೆಯುವವನಿಗೆ ನಿನ್ನ ಕಣ್ಣು ಕಂಡಿತೇ?" ಎಂದು ಕೇಳಿದ.

"ಅಷ್ಟು ದೂರಕ್ಕೆ ಕಾಣಲು ನಾನೇನು ಕಾಡಿಗೆ ಹಚ್ಚಿಕೊಂಡ ಮದುಮಗಳೇ?"

"ಹಾಗಾದರೆ ಸುಮ್ಮನೆ ಹೊಡೆಯುತ್ತಿರಬಹುದು."

"ಕಿಂಡಿಯಲ್ಲಿ ಯಾರೂ ಇಲ್ಲದಾಗ ಒಂದು ಗುಂಡಾದರೂ ಬಂದಿದೆಯೇ? ಗುಂಡು ದಂಡ ಮಾಡುವ ಪೈಕಿ ಅಲ್ಲ ಮಾರಾಯ ಅವನು. ನಾಳೆ ನೀನೇ ಅವನನ್ನು ವಿಚಾರಿಸಿಕೋ."

ಸೈನಿಕನಿಗೆ ಭಯವಿತ್ತು. ಅದಕ್ಕಿಂತ ಹೆಚ್ಚು ಕುತೂಹಲವಿತ್ತು. ಕಣ್ಣೇ ಕಾಣಿಸದಿದ್ದರೆ ಕಿಂಡಿಗೆ ಮನುಷ್ಯ ಬಂದದ್ದು ಆಚೆಯವನಿಗೆ ತಿಳಿಯುವುದು ಹೇಗೆ? ಕನ್ನಡಿಯ ಕೋಲನ್ನು ತೆಗೆದುಕೊಂಡು ಕಂದಕದ ಇನ್ನೊಂದು ಮೂಲೆಗೆ ಹೋದ. ಬಯಲಿನ ಕಡೆಗಲ್ಲ, ಆಚೆಯವರ ಗೋಡೆಯ ಕಡೆಗೆ ಕನ್ನಡಿ ತಿರುಗಿಸಿದ.

ಅಲ್ಲಿಯೂ ಒಂದು ಕಿಂಡಿ ಇತ್ತು. ಅದರ ಹಿಂದಿನ ಆಕಾಶ ಅದರೊಳಗೆ ಜೋಳದ ಕಾಳಿನಷ್ಟು ಬೆಳಗುತ್ತಿತ್ತು. ನೋಡುತ್ತಿದ್ದ ಹಾಗೆ ಬೆಳಕು ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ ಕಾಣಿಸಿತು. ಕಣ್ಣು ಕಾಣಲಿಲ್ಲ, ಟೊಪ್ಪಿಗೆ ಕಾಣಲಿಲ್ಲ, ಬಂದೂಕೂ ಕಾಣಲಿಲ್ಲ. ಆದರೂ ಒಬ್ಬ ಬಂದು ಹೋದ ಎಂಬುದು ಸೈನಿಕನಿಗೆ ತಿಳಿಯಿತು.

ಅವನು ಕನ್ನಡಿ ಇಳಿಸಿದ. ತಮ್ಮ ಕಿಂಡಿಯೂ ಆಚೆಯವರಿಗೆ ಹೀಗೇ ಕಾಣುತ್ತದೆ. ಎಷ್ಟು ಕಿರಿದು ಮಾಡಿದರೂ ತಲೆ ಅಡ್ಡ ಬಂದಾಗ ಅದರ ಬೆಳಕು ಆರುತ್ತದೆ.

ಅವನು ತನ್ನ ಕಂಬಳಿಯನ್ನು ಮಡಿಸಿ, ಕಿಂಡಿಯ ಹಿಂದೆ ಒಬ್ಬ ನಿಲ್ಲುವಷ್ಟು ಜಾಗ ಬಿಟ್ಟು, ಪಕ್ಕಕ್ಕೆ ನಿಂತುಕೊಂಡೇ ಪರದೆಯಂತೆ ಇಳಿಬಿಟ್ಟ.

"ಕಿಂಡಿಗೂ ಚಳಿಯಾಯಿತೇ?" ಎಂದ ಕಿವಿ ಹೋದವನು.

"ಇನ್ನು ಮೇಲೆ ಅದು ಯಾವಾಗಲೂ ಕತ್ತಲೆಯೇ. ನಾನಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ."

"ಕಂಬಳಿ ಹೋಯಿತಲ್ಲ."

"ತಲೆಗಿಂತ ಅಗ್ಗ."

ಕಂಬಳಿ ಇಳಿದ ಕೂಡಲೇ ಗುಂಡು ಬಂತು. ಹಿಂದೆಯೇ ಇನ್ನೊಂದು ಬಂತು. ಸೈನಿಕ ತೂತಿಗೆ ತೇಪೆ ಹಾಕಿದ, ಕಂಬಳಿಯನ್ನು ತೆಗೆಯಲಿಲ್ಲ. ಹವಾಲ್ದಾರನನ್ನು ಕೇಳಿಕೊಂಡು, ಮಾರನೆಯ ದಿನ ತನ್ನ ಪಾಳಿಯನ್ನು ಕನ್ನಡಿಯ ಹತ್ತಿರವೇ ಕಾದ. ಕಿಂಡಿಗೆ ಯಾರೂ ಹೋಗಲಿಲ್ಲ. ಬೆಳಗ್ಗೆ ಆಚೆಯವನು ಆ ಕತ್ತಲೆಗೆ ಬಿಡದೆ ಹೊಡೆದ. ಮಧ್ಯಾಹ್ನ ಆಗೊಮ್ಮೆ ಈಗೊಮ್ಮೆ ಹೊಡೆದ. ಸಂಜೆಯ ಹೊತ್ತಿಗೆ ಅವನಿಗೆ ಸಾಕಾಯಿತು.

ಅದರ ಮಾರನೆಯ ಬೆಳಗ್ಗೆ ಸೈನಿಕ ಕಂಬಳಿಯ ಒಳಗೆ ನುಸುಳಿ ಕಿಂಡಿಗೆ ಕಣ್ಣಿಟ್ಟ. ಗುಂಡು ಬರಲಿಲ್ಲ. ಹೊಡೆದಾಗ ಧೂಳೆದ್ದು ಜಾಗ ತಿಳಿಯಬಾರದೆಂದು ಬಂದೂಕಿನ ತುದಿಯ ಕೆಳಗೆ ಒಂದು ಒದ್ದೆ ಗೋಣಿ ಹಾಸಿದ. ಆಚೆಯ ಕಿಂಡಿಯನ್ನೇ ನೋಡುತ್ತ ಕಾದ. ಅಲ್ಲಿನ ಬೆಳಕು ಆರಿತು. ಅವನು ಹೊಡೆದ. ಬೆಳಕು ಮತ್ತೆ ಕಾಣಿಸಿತು. ಆ ದಿನ ಅದು ಮತ್ತೆ ಆರಲಿಲ್ಲ.

ಕತೆ ಮುಗಿಯಿತು. ಬಸಲಿಂಗ ಯೋಚಿಸಿದ.

"ಹಾಗಾದರೆ ಇನ್ನು ಆ ದಲಾಲನ ಮುಂದೆ ಬಾಯಿಯನ್ನೇ ತೆರೆಯದೆ ಸನ್ನೆಯಲ್ಲಿ ವ್ಯವಹಾರ ಮಾಡಲೇ?" ಎಂದು ಕೇಳಿದ.

"ಅದೂ ಕಿಂಡಿಗೆ ಮಣ್ಣು ಮೆತ್ತುವ ಕೆಲಸವೇ" ಎಂದರು ಯಜಮಾನರು.

"ಮತ್ತೆ ಏನು ಮಾಡಲಿ?"

"ಹತ್ತಿ ಬೇಡದ ದಿನ ಒಂದು ಸಲವಾದರೂ ಅವನ ಅಂಗಡಿಗೆ ಹೋಗಿ ಕುಳಿತಿದ್ದೀಯಾ?"