ಪುಕ್ಕಟೆ ಫೋನಿನ ಕೋಳಿ

ಮುಂಗುಸಿ ಫೋನಿನ ಅಂಗಡಿ ಇಟ್ಟಿತು. ಗೌಜಲಕ್ಕಿ ಒಂದು ಕಾವಿನ ಮೊಟ್ಟೆಗಳನ್ನೆಲ್ಲ ಕೊಟ್ಟು ಫೋನು ಕೊಂಡಿತು. ಅದರ ರೀಚಾರ್ಜಿಗೆ ತಿಂಗಳಿಗೆ ಒಂದೇ ಮೊಟ್ಟೆ.

ಕೋಳಿ ನಕ್ಕಿತು. "ಒಂದು ಫೋನಿಗೆ ಇಡೀ ಕಾವನ್ನೇ ಕೊಟ್ಟೆಯಾ, ದಡ್ಡಿ? ಮುಂಗುಸಿಯಣ್ಣ, ಬೋರ್ಡಿನಲ್ಲಿ ಬರೆದಿದ್ದೀಯಲ್ಲ, ನನಗೆ ಆ ಪುಕ್ಕಟೆ ಫೋನು ಕೊಡು."

"ತಗೊಳ್ಳಮ್ಮ. ಫೋನಿಗೆ ಏನೂ ಬೇಡ. ರೀಚಾರ್ಜು ಮಾತ್ರ ತಿಂಗಳಿಗೆ ಹತ್ತು ಮೊಟ್ಟೆ. ಎರಡು ವರ್ಷ ಬಿಡುವ ಹಾಗಿಲ್ಲ."

"ಮೊಟ್ಟೆ ನಾಳೆಯೂ ಇಡುತ್ತೇನೆ" ಎಂದು ಕೋಳಿ ಫೋನನ್ನು ರೆಕ್ಕೆಯಡಿ ಸಿಕ್ಕಿಸಿಕೊಂಡು ಹೋಯಿತು.

ಆಮೇಲೆ ಅದು ಕಾವಿಗೆ ಕೂತಾಗಲೆಲ್ಲ ಮುಂಗುಸಿ ಬಂದು ನಿಲ್ಲುತ್ತಿತ್ತು.

"ಈ ಸಲ ಬಿಡಣ್ಣ, ಮರಿ ಮಾಡಬೇಕು."

"ಮಾಡುವೆಯಂತೆ, ಎರಡು ವರ್ಷ ಕಳೆಯಲಿ. ಈಗ ಸ್ವಲ್ಪ ಏಳಮ್ಮ."

ಬರೀ ಹುಲ್ಲಿನ ಮೇಲೆ ಕೂತ ಕೋಳಿ ಗೌಜಲಕ್ಕಿಗೆ ಫೋನು ಮಾಡಿ ಅತ್ತಿತು. ಅಳುತ್ತಲೇ ಕೇಳಿತು: "ಅಲ್ಲೇನಕ್ಕ ಅಷ್ಟು ಗಲಾಟೆ?"

"ನನ್ನ ಮರಿಗಳು ತಂಗಿ, ಎರಡನೆಯ ಕಾವಿನವು."

ಕೋಳಿ ಫೋನನ್ನು ಕಿವಿಗೆ ಒತ್ತಿಕೊಂಡಿತು. ಫೋನು ಮಾತ್ರ ಒಳ್ಳೆಯದೇ ಇತ್ತು. ಒಂದೊಂದು ಮರಿಯ ದನಿಯೂ ಬೇರೆ ಬೇರೆಯಾಗಿ ಕೇಳಿಸಿತು.