ವಿಷಯ ಹೇಳದ ಸಂದರ್ಶನ

ರಾಣೆಬೆನ್ನೂರಿನ ಒಂದು ಬಸ್ ಕಂಪನಿಯಲ್ಲಿ ಪ್ರಯಾಣಿಕರ ದೂರು ಕೇಳುವ ಕೆಲಸ ಖಾಲಿ ಇತ್ತು. ಗಂಡನ ಅಂಗಡಿ ಮುಚ್ಚಿದ ಮೇಲೆ ದಾಕ್ಷಾಯಿಣಿಗೆ ಕೆಲಸ ಬೇಕೇ ಬೇಕಿತ್ತು, ಅರ್ಜಿ ಹಾಕಿದಳು. "ಸೋಮವಾರ ಸಂದರ್ಶನ. ಐದು ನಿಮಿಷ ಮಾತಾಡಾಕ ತಯಾರಾಗಿ ಬರ್ರಿ" ಎಂದು ಫೋನ್ ಬಂತು. ಯಾವ ವಿಷಯ ಎಂದು ಕೇಳುವಷ್ಟರಲ್ಲಿ ಕಟ್ಟಾಯಿತು.

ಅವಳಿಗೆ ತಲೆಬುಡ ತಿಳಿಯಲಿಲ್ಲ. "ಬಸ್ಸಿನ ಚರಿತ್ರೆ ಹೇಳು" ಎಂದ ಗಂಡ. "ದೇವರ ಸ್ತೋತ್ರ ಹೇಳವ್ವಾ, ಯಾರೂ ಬ್ಯಾಡ ಅನ್ನಂಗಿಲ್ಲ" ಎಂದರು ಅತ್ತೆ. ಎರಡನ್ನೂ ಬಾಯಿಪಾಠ ಮಾಡಿ, ಎರಡೂ ಕಲಸಿಹೋಗಿ, ಸೋಮವಾರ ಹೋಗಿ ನಿಂತಳು.

ಎದುರಿಗೆ ಮಾಲೀಕರು, ಅವರ ತಮ್ಮ, ಮ್ಯಾನೇಜರು ಕೂತಿದ್ದರು. ಮಾಲೀಕರು ಮೀಸೆ ತಿರುವಿ, "ಹ್ಞೂಂ, ಶುರು ಮಾಡ್ರಿ" ಎಂದರು.

"ಯಾವ ವಿಷಯ್ರೀ ಸರ?"

ಮಾಲೀಕರು ತಮ್ಮನ ಮುಖ ನೋಡಿದರು. ತಮ್ಮ ಮ್ಯಾನೇಜರನ ಮುಖ ನೋಡಿದ.

"ವಿಷಯ ಹೇಳೋದು ನಿನ್ನ ಕೆಲಸ!" ಎಂದು ಮಾಲೀಕರು ಮ್ಯಾನೇಜರನ ಮೇಲೆ ರೇಗಿದರು.

"ನಂದಲ್ರೀ, ಸಣ್ಣ ಸಾಹುಕಾರರದು!" ಎಂದು ಮ್ಯಾನೇಜರ ತಮ್ಮನ ಕಡೆ ಕೈ ತೋರಿಸಿದ.

ಮೂವರೂ ಎದ್ದುನಿಂತು ಕೂಗಾಡತೊಡಗಿದರು.

ದಾಕ್ಷಾಯಿಣಿಗೆ ಇನ್ನಷ್ಟು ಗಲಿಬಿಲಿಯಾಯಿತು. ಕೈ ಸುಮ್ಮನಿರದೆ ಮೇಜಿನ ಮೇಲಿದ್ದ ಮೂರು ಲೋಟಕ್ಕೆ ನೀರು ಬಗ್ಗಿಸಿದಳು. "ಮೊದಲು ನೀರು ಕುಡೀರಿ. ಆಮ್ಯಾಲೆ ಒಬ್ಬೊಬ್ಬರಾಗಿ ಹೇಳ್ರಿ, ನಾ ಕೇಳ್ತೀನಿ." ಮೂವರೂ ಕುಡಿದು, ಸರದಿಯಂತೆ ಗೋಳು ಹೇಳಿಕೊಂಡರು. "ನಿಮ್ಮ ಯಾರ ತಪ್ಪೂ ಇಲ್ಲ, ನಡುವ ಕಟ್ಟಾದ ಫೋನಿಂದು" ಎಂದಳು. ಮೂವರಿಗೂ ಸಮಾಧಾನವಾಯಿತು.

ಮಾಲೀಕರು ಗಂಟಲು ಸರಿಮಾಡಿಕೊಂಡರು. "ಅದಿರಲಿ, ನಿಮ್ಮ ಐದು ನಿಮಿಷದ ಮಾತು ಎಲ್ಲಿ?"

ಅವಳಿಗೆ ಥಟ್ಟನೆ ಹೊಳೆಯಿತು. "ಈಗ ಮುಗೀತಲ್ರೀ ಸರ. ದೂರು ಹೆಂಗ ಕೇಳಬೇಕು ಅನ್ನೋದೇ ವಿಷಯ."

"ನಾಳಿಂದ ಬರ್ರಿ" ಎಂದ ಮಾಲೀಕರು ಜಂಬದಿಂದ ತಮ್ಮನ ಕಡೆ ತಿರುಗಿದರು. "ನೋಡು, ನಾ ಕೊಡಬೇಕಂತಿದ್ದ ವಿಷಯ ಇದ!"